ಮರೆತ ಹೆಸರುಗಳು, ಮರೆಯದ ರೋಗಗಳು

(ಬಾನುಲಿ ಭಾಷಣ)

ಒಂದು ನಾಡಿನ ಜನ ಯಾವುದಕ್ಕೆ ಅಂಜುತ್ತಿದ್ದರು ಎಂಬುದನ್ನು ತಿಳಿಯಬೇಕಾದರೆ ಅವರ ದೇವರನಾಮಗಳನ್ನು ಕೇಳಿದರೆ ಸಾಲದು, ಬೈಗುಳಗಳನ್ನೂ ಕೇಳಬೇಕು. ಕಾವೇರಿಯ ದಡದಲ್ಲಿರುವ ನಮ್ಮ ಕೊಣನೂರಿನ ಸುತ್ತುಮುತ್ತ ಹಳೆಯ ತಲೆಮಾರಿನ ಹೆಂಗಸರು ಬೀದಿಜಗಳಕ್ಕೆ ನಿಂತರೆಂದರೆ ‘ನಿನ್ನ ಪ್ಲೇಗು ಹೊತ್ತುಕೊಂಡು ಹೋಗ’ ಎನ್ನುತ್ತಿದ್ದರು. ‘ನಿನ್ನ ಗಂಟಲಮಾರಿ ಕಟ್ಟ’ ಎನ್ನುತ್ತಿದ್ದರು. ಸಿಟ್ಟು ಇನ್ನೂ ಏರಿದರೆ ಯಾವ ರೋಗದ ಹೆಸರನ್ನೂ ಎತ್ತದೆ ‘ಬರಬಾರದ್ದು ಬರ’ ಎಂದು ನಿಲ್ಲಿಸುತ್ತಿದ್ದರು. ಹೆಸರು ಹೇಳಿದರೆ ಎಲ್ಲಿ ತಮ್ಮ ಮನೆಯ ಬಾಗಿಲಿಗೇ ಬಂದುಬಿಡುವುದೋ ಎಂಬ ಅಂಜಿಕೆ ಆ ಕೊನೆಯ ಬೈಗುಳದಲ್ಲಿ ಅಡಗಿದೆ. ಇಂದು ಈ ಮಾತುಗಳನ್ನು ಕೇಳಿದ ಹುಡುಗರು ನಗುತ್ತಾರೆ. ಗಂಟಲಮಾರಿ ಎಂದರೇನೆಂದು ಕಾಲೇಜಿನಲ್ಲಿ ಓದುತ್ತಿರುವ ಹತ್ತು ಮಂದಿಯನ್ನು ಕೇಳಿ ನೋಡಿ. ಉತ್ತರ ಹೇಳುವವರು ಒಬ್ಬಿಬ್ಬರು ಸಿಕ್ಕಿದರೆ ಅದೇ ಹೆಚ್ಚು. ಕನ್ನಡವನ್ನು ಕಲಿಸಿಕೊಂಡು ಬದುಕಿದವನಿಗೆ ಒಂದು ಪದ ಬಳಕೆಯಿಂದ ಜಾರಿಹೋಗುವುದು ಸಾಮಾನ್ಯವಾಗಿ ವ್ಯಸನದ ಸಂಗತಿ. ಈ ಪದ ಜಾರಿಹೋದದ್ದು ಮಾತ್ರ ಸಂತೋಷದ ಸಂಗತಿಯೆಂದೇ ಹೇಳಬೇಕು. ಆದರೆ ಆ ಸಂತೋಷದ ಮಗ್ಗುಲಲ್ಲೇ ಒಂದು ಅಪಾಯವೂ ಕುಳಿತಿದೆ. ಎಳೆಯ ಮಕ್ಕಳಿಗೆ ಹಾಕಿಸುವ ಲಸಿಕೆಯನ್ನು ಕುರಿತು ಮಾತನಾಡುವ ನೆಪದಲ್ಲಿ ಆ ಅಪಾಯವನ್ನು ನಿಮ್ಮ ಗಮನಕ್ಕೆ ತರಬೇಕೆಂಬುದು ನನ್ನ ಉದ್ದೇಶ.

ರೋಗಗಳ ಹೆಸರಿನಂತೆ ಮಕ್ಕಳ ಹೆಸರುಗಳೂ ಹಳೆಯ ಕಾಲದ ಕಥೆಯನ್ನು ಹೇಳುತ್ತವೆ. ತಿಪ್ಪಯ್ಯ, ತಿಪ್ಪಮ್ಮ, ತಿರುಕಪ್ಪ ಮೊದಲಾದ ಹೆಸರುಗಳನ್ನು ನೀವೂ ಕೇಳಿದ್ದೀರಿ. ಇವುಗಳಲ್ಲಿ ಕೆಲವು ದೇವರಿಂದ, ಗುರುಗಳಿಂದ ಬಂದ ಹೆಸರುಗಳು. ಆದರೆ ಹುಟ್ಟಿದ ಕೂಸುಗಳೆಲ್ಲ ಒಂದರ ಹಿಂದೊಂದು ತೀರಿಕೊಂಡ ಮನೆಗಳಲ್ಲಿ, ಮುಂದೆ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ, ‘ಇದು ಕಸ, ಯಾರಿಗೂ ಬೇಡವಾದದ್ದು’ ಎಂದು ಮೃತ್ಯುವಿಗೆ ತೋರುವಂತೆ ಮಾಡಿ, ಅದಕ್ಕೆ ತಿಪ್ಪ ಎಂದು ಹೆಸರಿಡುವ ಪದ್ಧತಿಯೊಂದು ನಮ್ಮಲ್ಲಿತ್ತು. ಸಾವಿನ ಕಣ್ಣಿಗೆ ಮಣ್ಣೆರಚುವ ಈ ಉಪಾಯದಲ್ಲಿ ತಾಯಿಯ ಪ್ರೀತಿ ಎಷ್ಟಿದೆಯೋ ಆಕೆಯ ಅಸಹಾಯಕತೆಯೂ ಅಷ್ಟೇ ಇದೆ. ವಿಧಿಯ ಕ್ರೂರ ಹಾಸ್ಯವನ್ನು ನೋಡಿ: ಧನುರ್ವಾಯುವಿನ ಬೀಜ ಹೇರಳವಾಗಿ ನೆಲೆಸುವುದು ಆ ತಿಪ್ಪೆಯಲ್ಲಿಯೇ, ದನಕುದುರೆಗಳ ಸಗಣಿ ಲದ್ದಿಗಳು ಬೆರೆತ ಮಣ್ಣಿನಲ್ಲಿಯೇ. ಮಗುವನ್ನು ಯಾವ ಶತ್ರುವಿನಿಂದ ಬಚ್ಚಿಡಬೇಕೆಂದು ತಾಯಿ ಹವಣಿಸಿದಳೋ ಆ ಶತ್ರುವಿನ ಮನೆಗೇ ಕರೆದೊಯ್ದು ಮಲಗಿಸಿದಂತಾಯಿತು.

ಶತ್ರು ಕಣ್ಣಿಗೆ ಕಾಣುವವನಲ್ಲವೆಂಬುದನ್ನು ನಮ್ಮ ಪ್ರಾಚೀನರೂ ಊಹಿಸಿದ್ದರು. ಸುಶ್ರುತ ಸಂಹಿತೆಯಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳ ಹೆಸರಿದೆ. ಅವುಗಳಲ್ಲಿ ಪೂತನಿಯೂ ಒಬ್ಬಳು. ಭಾಗವತದ ಪೂತನಿ ಹಾಲೂಡಿಸುವ ತಾಯಿಯ ರೂಪದಲ್ಲಿ ಗೋಕುಲದ ಮನೆಯೊಳಗೆ ಬಂದವಳು. ಮಗುವನ್ನು ಕೊಲ್ಲುವ ಶಕ್ತಿ ಮನೆಯವರ ವೇಷದಲ್ಲಿ, ಪ್ರೀತಿಯ ಸ್ಪರ್ಶದಲ್ಲಿಯೇ ಒಳಗೆ ಬರಬಹುದೆಂಬ ಗಾಢವಾದ ಅನುಭವ ಆ ಕಥೆಯ ಹಿಂದೆ ಇದ್ದೀತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನಿಗಳು ಸೂಕ್ಷ್ಮದರ್ಶಕದ ಕೆಳಗೆ ಬ್ಯಾಕ್ಟೀರಿಯಗಳನ್ನು ಒಂದೊಂದಾಗಿ ಗುರುತಿಸಿದಾಗ ಈ ಅನುಭವಕ್ಕೆ ಆಧಾರ ಸಿಕ್ಕಿತು. ಕೆಮ್ಮಿದ ಅಣ್ಣನ ಉಸಿರು, ಮುತ್ತಿಟ್ಟ ಅತ್ತೆಯ ತುಟಿ, ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕುಡುಗೋಲು, ಇವೇ ಪೂತನಿಯ ವೇಷಗಳಾಗಿದ್ದವು.

ಈ ರೋಗಗಳು ಏನು ಮಾಡುತ್ತಿದ್ದವೆಂಬುದನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಗಂಟಲಮಾರಿಯಲ್ಲಿ ಮಗುವಿನ ಗಂಟಲೊಳಗೆ ಬೂದುಬಣ್ಣದ ಒಂದು ಪೊರೆ ಕಟ್ಟುತ್ತದೆ. ಅದು ದಪ್ಪನಾದಂತೆ ಉಸಿರಿನ ದಾರಿ ಮುಚ್ಚುತ್ತದೆ. ಪೊರೆಗಿಂತ ಘೋರವಾದದ್ದು ಆ ಬ್ಯಾಕ್ಟೀರಿಯ ಸೂಸುವ ವಿಷ. ಅದು ರಕ್ತದೊಡನೆ ಹರಿದು ಹೃದಯವನ್ನೂ ನರಗಳನ್ನೂ ಹಿಡಿಯುತ್ತದೆ. ಚಿಕಿತ್ಸೆ ದೊರೆತರೂ ಹತ್ತು ರೋಗಿಗಳಲ್ಲಿ ಒಬ್ಬರು ಉಳಿಯದಿರಬಹುದು. ಅರಮನೆಯ ಗೋಡೆಯೂ ಇದನ್ನು ತಡೆಯಲಿಲ್ಲ. ವಿಕ್ಟೋರಿಯಾ ರಾಣಿಯ ಮಗಳು ಆಲಿಸ್ 1878ರಲ್ಲಿ, ಈ ಕಾಯಿಲೆಯಿಂದ ಮಲಗಿದ್ದ ಗಂಡ ಮಕ್ಕಳ ಶುಶ್ರೂಷೆ ಮಾಡುತ್ತಿದ್ದು, ತನ್ನ ಕಿರಿಯ ಮಗಳನ್ನು ಕಳೆದುಕೊಂಡು, ಕೆಲವೇ ವಾರಗಳಲ್ಲಿ ತಾನೂ ಅದೇ ರೋಗದಿಂದ ತೀರಿಕೊಂಡಳು. ನಮ್ಮ ಮೈಸೂರಿನ ಅರಮನೆಯ ಕಥೆಯೂ ಇದಕ್ಕೆ ಸಮೀಪವಾದದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯರೋಗಕ್ಕೆ ಬಲಿಯಾದರು. ಆ ದುಃಖದ ಫಲವಾಗಿ 1921ರಲ್ಲಿ ಮೈಸೂರಿನಲ್ಲಿ ಅವರ ಹೆಸರಿನ ಕ್ಷಯರೋಗ ಚಿಕಿತ್ಸಾಲಯ ತಲೆಯೆತ್ತಿತು.

ನಾಯಿಕೆಮ್ಮು ಎಂಬ ಹೆಸರೇ ಕಿವಿಗೆ ಬಿದ್ದ ಅನುಭವದಿಂದ ಹುಟ್ಟಿದ್ದು. ಮಗು ಉಸಿರೆಳೆಯಲು ಬಿಡುವಿಲ್ಲದಂತೆ ಕೆಮ್ಮಿ ಕೆಮ್ಮಿ, ಮುಖ ನೀಲಿಗಟ್ಟಿ, ಕೊನೆಗೆ ಊಳಿಟ್ಟಂತೆ ಒಮ್ಮೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಎರಡು ಮೂರು ತಿಂಗಳ ಹಸುಳೆಗೆ ಹಾಗೆ ಎಳೆದುಕೊಳ್ಳುವ ಶಕ್ತಿಯೂ ಇರುವುದಿಲ್ಲ. ಅದು ಸದ್ದಿಲ್ಲದೆ ಉಸಿರು ನಿಲ್ಲಿಸಿಬಿಡಬಹುದು. ಇದಕ್ಕೆ ನಮ್ಮ ಹಿರಿಯರು ಕತ್ತೆಯ ಹಾಲನ್ನು ಕುಡಿಸುತ್ತಿದ್ದರು. ಕತ್ತೆಯನ್ನು ಬೀದಿಬೀದಿಯಲ್ಲಿ ಹೊಡೆದುಕೊಂಡು ಬಂದು ಒಂದೊಂದು ಒಳಲೆಯ ಲೆಕ್ಕದಲ್ಲಿ ಹಾಲು ಮಾರುವವರನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ.

ಇನ್ನು ಧನುರ್ವಾಯು. ಮೈ ಬಿಲ್ಲಿನಂತೆ ಬಾಗುವುದರಿಂದ ಬಂದ ಹೆಸರು. ಹುಟ್ಟಿದ ಎರಡು ದಿನ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಆಮೇಲೆ ಬಾಯಿ ತೆರೆಯಲಾರದೆ, ಮೊಲೆ ಹಿಡಿಯಲಾರದೆ, ಮುಟ್ಟಿದರೆ ಸೆಟೆದುಕೊಳ್ಳುತ್ತಿತ್ತು. ಮನೆಯವರು ಬಾಲಗ್ರಹವೆಂದು ತಾಯಿತ ಕಟ್ಟಿಸುತ್ತಿದ್ದರು, ಬರೆ ಹಾಕಿಸುತ್ತಿದ್ದರು. ನಿಜವಾದ ಕಾರಣ ಹೊಕ್ಕುಳಿನಲ್ಲಿತ್ತು. ಬಳ್ಳಿಯನ್ನು ಕತ್ತರಿಸಿದ ಆಯುಧದಿಂದಲೋ, ಗಾಯಕ್ಕೆ ಮೆತ್ತಿದ ಸಗಣಿ ಬೂದಿಗಳಿಂದಲೋ ರೋಗದ ಬೀಜ ಒಳಸೇರುತ್ತಿತ್ತು. ಇದನ್ನು ಹೇಳುವಾಗ ಸೂಲಗಿತ್ತಿಯರನ್ನು ಹಳಿಯುವುದು ನನ್ನ ಮನಸ್ಸಿನಲ್ಲಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹಣವನ್ನು ಬಯಸದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅಂತಹ ಕೈಗಳು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಹುಟ್ಟುತ್ತಲೇ ಇರಲಿಲ್ಲ. ಕೈಯ ಕುಶಲತೆ ದೊಡ್ಡದಾಗಿದ್ದರೂ ಕಣ್ಣಿಗೆ ಕಾಣದ ವೈರಿಯೊಡನೆ ಬರಿಯ ಕೈ ಹೋರಾಡಲಾರದಷ್ಟೆ.

ನಮ್ಮ ಜಿಲ್ಲೆಯ ನೆನಪಿನಲ್ಲಿ ಅಚ್ಚೊತ್ತಿ ನಿಂತಿರುವ ಬ್ಯಾಕ್ಟೀರಿಯದ ಕಾಯಿಲೆ ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಮಾರಿ 1898ರಲ್ಲಿ ಬೆಂಗಳೂರನ್ನು ಹೊಕ್ಕು, ಮೈಸೂರು ಸೀಮೆಯನ್ನು ಎಷ್ಟೋ ವರ್ಷ ಕಾಡಿತು. ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ಎಳವೆಯಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. 1970ರಲ್ಲಿ ಪ್ರಕಟವಾದ ಅವರ ‘ಗೃಹಭಂಗ’ವನ್ನು ಓದಿದವರಿಗೆ, ಬೆಳೆದ ಮಕ್ಕಳನ್ನು ಕಣ್ಣೆದುರಿಗೇ ಕಳೆದುಕೊಳ್ಳುವ ನಂಜಮ್ಮನ ದುಃಖವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಂಕಿಅಂಶಗಳ ವರದಿ ಹೇಳಲಾರದ್ದನ್ನು ಒಂದು ಕಾದಂಬರಿ ಹೇಳಬಲ್ಲುದು. ಇಂತಹ ಪುಸ್ತಕಗಳನ್ನು ನಾವು ಸಾಹಿತ್ಯವೆಂದು ಓದುತ್ತೇವೆ. ಒಂದು ಜಿಲ್ಲೆಯ ಆರೋಗ್ಯದ ಚರಿತ್ರೆಯೆಂದೂ ಅವುಗಳನ್ನು ಓದಬಹುದು.

ಈ ಸಂಕಟದ ನಡುವೆಯೇ ಲಸಿಕೆಯ ವಿದ್ಯೆ ಬೆಳೆಯಿತು. ಸಿಡುಬಿಗೆ ಅದು ಮೊದಲೇ ಬಂದಿತ್ತು. ನಮ್ಮ ಹಿರಿಯರು ಅದನ್ನು ‘ದಾಕು ಹಾಕುವುದು’ ಎನ್ನುತ್ತಿದ್ದರು. ಮೈಸೂರಿನಲ್ಲಿ 1805ರ ಸುಮಾರಿಗೆ ಥಾಮಸ್ ಹಿಕಿ ಎಂಬಾತ ಬರೆದ ಚಿತ್ರವೊಂದರಲ್ಲಿ ಅರಮನೆಯ ಕಿರಿಯ ರಾಣಿ ತೋಳಿನ ಸೆರಗನ್ನು ಸರಿಸಿ ದಾಕಿನ ಗುರುತನ್ನು ತೋರುತ್ತಿದ್ದಾಳೆಂದು ಇತಿಹಾಸಕಾರರು ಹೇಳುತ್ತಾರೆ. ಸಿಡುಬು ಬೇರೆ ಜಾತಿಯ ಸೂಕ್ಷ್ಮಜೀವಿಯಿಂದ, ವೈರಸ್ಸಿನಿಂದ ಬರುವಂಥದು. ಬ್ಯಾಕ್ಟೀರಿಯದ ರೋಗಗಳಿಗೆ ದಾರಿ ತೆರೆದದ್ದು ಶತಮಾನದ ಕೊನೆಯಲ್ಲಿ. ಬೆರಿಂಗ್ ಮತ್ತು ಕಿಟಸಾಟೊ ಎಂಬ ವಿದ್ವಾಂಸರು 1890ರಲ್ಲಿ, ರೋಗದ ವಿಷಕ್ಕೆ ಮೈಯೇ ಪ್ರತಿವಿಷವನ್ನು ತಯಾರಿಸಿಕೊಳ್ಳುತ್ತದೆಂದು ತೋರಿಸಿಕೊಟ್ಟರು. ಹಾಫ್ಕಿನ್ ಎಂಬಾತ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಫ್ರಾನ್ಸಿನ ಗಸ್ತೋನ್ ರಮೋನ್ 1920ರ ದಶಕದಲ್ಲಿ ಗಂಟಲಮಾರಿಯ ವಿಷವನ್ನು ಫಾರ್ಮಲಿನ್ನಿನಿಂದ ಪಳಗಿಸಿದ. ಹಾವಿನ ಹಲ್ಲನ್ನು ಕಿತ್ತಂತೆ ಕೊಲ್ಲುವ ಗುಣ ಹೋಯಿತು, ಆದರೆ ಮೈಗೆ ಅದರ ಗುರುತು ಸಿಗುವಂತೆ ರೂಪ ಉಳಿಯಿತು. ಇಂದು ನಮ್ಮ ಮಕ್ಕಳ ತೊಡೆಗೆ ಚುಚ್ಚುವ ಮದ್ದಿನಲ್ಲಿ ಗಂಟಲಮಾರಿಗೂ ಧನುರ್ವಾಯುವಿಗೂ ಇರುವುದು ಹೀಗೆ ಪಳಗಿಸಿದ ವಿಷವೇ. ನಾಯಿಕೆಮ್ಮಿನ ಲಸಿಕೆಯನ್ನು ಹಸನುಗೊಳಿಸಿದವರು ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಅಮೆರಿಕದ ಮಹಿಳೆಯರು. ಇಬ್ಬರೂ ಬಾಲ್ಯದಲ್ಲಿ ನಾಯಿಕೆಮ್ಮನ್ನು ಅನುಭವಿಸಿದವರು, ಇಬ್ಬರೂ ಮೊದಲು ಶಾಲೆಯಲ್ಲಿ ಪಾಠ ಹೇಳಿದವರು. ದಿನದ ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಬಡವರ ಮನೆಗಳಿಗೆ ಹೋಗಿ, ಕೆಮ್ಮುವ ಮಕ್ಕಳ ಮುಖದ ಮುಂದೆ ಗಾಜಿನ ತಟ್ಟೆ ಹಿಡಿದು ರೋಗಾಣುಗಳನ್ನು ಸಂಗ್ರಹಿಸಿ, 1930ರ ದಶಕದಲ್ಲಿ ಅವರು ಆ ಲಸಿಕೆಯನ್ನು ಪರೀಕ್ಷಿಸಿದರು.

ಒಂದು ಪ್ರಶ್ನೆ ಅನೇಕ ತಾಯಂದಿರನ್ನು ಕಾಡುತ್ತದೆ. ‘ಇನ್ನೂ ಕತ್ತು ನಿಲ್ಲದ ಕೂಸಿಗೆ ಇಷ್ಟೊಂದು ಚುಚ್ಚುವುದೇಕೆ? ಸ್ವಲ್ಪ ಬೆಳೆಯಲಿ.’ ಪ್ರಶ್ನೆ ಸಹಜವಾದದ್ದು. ತಾಯಿಯ ರಕ್ತದಿಂದ ಮಗುವಿಗೆ ಬಂದ ರಕ್ಷಣೆ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ನಾಯಿಕೆಮ್ಮು, ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತಗಳು ಹೆಚ್ಚಾಗಿ ಕೊಲ್ಲುವುದು ಆ ಮೊದಲ ವರ್ಷದಲ್ಲಿಯೇ. ಕಳ್ಳ ಬಂದುಹೋದ ಮೇಲೆ ಬಾಗಿಲಿಗೆ ಅಗಣಿ ಹಾಕುವುದರಿಂದ ಏನು ಪ್ರಯೋಜನ? ಮೂರು ಸಲ ಏಕೆ ಎಂದರೆ, ಎಳೆಯ ಮೈ ಒಂದೇ ಸಲಕ್ಕೆ ಪಾಠವನ್ನು ಗಟ್ಟಿಮಾಡಿಕೊಳ್ಳಲಾರದು. ಮಗ್ಗಿಯನ್ನು ಮತ್ತೆ ಮತ್ತೆ ಹೇಳಿಸಿದ ಮೇಷ್ಟರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ತೊಡಕೂ ಇತ್ತು. ನ್ಯುಮೋನಿಯಾ ತರುವ ನ್ಯೂಮೊಕಾಕಸ್, ಮೆದುಳುಪೊರೆಗೆ ಹತ್ತುವ ಹಿಬ್ ಎಂಬ ಬ್ಯಾಕ್ಟೀರಿಯಗಳು ತಮ್ಮ ಮೈಗೆ ಸಕ್ಕರೆ ಜಾತಿಯ ಒಂದು ಹೊದಿಕೆಯನ್ನು ಹೊದ್ದಿರುತ್ತವೆ. ದೊಡ್ಡವರ ದೇಹ ಆ ಹೊದಿಕೆಯನ್ನು ಶತ್ರುವಿನದೆಂದು ಗುರುತಿಸುತ್ತದೆ. ಎರಡು ವರ್ಷ ತುಂಬದ ಮಗುವಿನ ದೇಹಕ್ಕೆ ಆ ವಿವೇಕ ಇನ್ನೂ ಬಂದಿರುವುದಿಲ್ಲ. ಬರಿಯ ಹೊದಿಕೆಯಿಂದ ಮಾಡಿದ ಮೊದಮೊದಲ ಲಸಿಕೆಗಳು ಕೂಸುಗಳಲ್ಲಿ ಸೋತದ್ದು ಈ ಕಾರಣದಿಂದ. ಆಮೇಲೆ ವಿಜ್ಞಾನಿಗಳು ಆ ಸಕ್ಕರೆಯನ್ನು, ಮಗುವಿನ ಮೈ ಗುರುತು ಹಿಡಿಯಬಲ್ಲ ಒಂದು ಪ್ರೋಟೀನಿಗೆ ಜೋಡಿಸಿದರು. ಪರಿಚಿತನ ಕೈಹಿಡಿದು ಬಂದ ಅಪರಿಚಿತನನ್ನು ಮೈ ಗುರುತಿಟ್ಟುಕೊಂಡಿತು. 1980ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ಉಪಾಯ ಎಣಿಸಲಾರದಷ್ಟು ಹಸುಳೆಗಳನ್ನು ಉಳಿಸಿದೆ.

ನಮ್ಮ ದೇಶದಲ್ಲಿ ಮಕ್ಕಳ ಲಸಿಕೆಯ ಕಾರ್ಯಕ್ರಮ 1978ರಲ್ಲಿ ಆರಂಭವಾಗಿ, 1985ರಲ್ಲಿ ಸಾರ್ವತ್ರಿಕ ರೂಪವನ್ನು ಪಡೆಯಿತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಜೊತೆಗೆ ಹಿಬ್ ಮತ್ತು ಹೆಪಟೈಟಿಸ್-ಬಿಗಳನ್ನೂ ತಡೆಯುವ ಐದರ ಕೂಟದ ಲಸಿಕೆ 2011ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಮೊದಲಾಗಿ, ಆಮೇಲೆ ನಮ್ಮ ರಾಜ್ಯಕ್ಕೂ ಬಂದಿತು. ನ್ಯೂಮೊಕಾಕಸ್ಸಿನ ಲಸಿಕೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಹೊರಟು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಹುಟ್ಟಿದೊಡನೆ ಬಿ.ಸಿ.ಜಿ.; ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದರ ಕೂಟ; ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಲ್ಲಿ ನ್ಯೂಮೊಕಾಕಸ್; ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಒಂದು, ಐದಾರು ವರ್ಷಕ್ಕೆ ಇನ್ನೊಂದು ಬಲವರ್ಧಕ ಡಿ.ಪಿ.ಟಿ.; ಹತ್ತು ಮತ್ತು ಹದಿನಾರನೆಯ ವರ್ಷಗಳಲ್ಲಿ ಟಿ.ಡಿ. ಬ್ಯಾಕ್ಟೀರಿಯದ ರೋಗಗಳ ಮಟ್ಟಿಗೆ ಪಟ್ಟಿ ಇಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ ಇವೆಲ್ಲ ಉಚಿತ. ಬಸುರಿಗೆ ಹಾಕುವ ಚುಚ್ಚುಮದ್ದು ಇನ್ನೂ ಹುಟ್ಟದ ಮಗುವನ್ನೂ ಧನುರ್ವಾಯುವಿನಿಂದ ಕಾಯುತ್ತದೆ. ಆ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆ, ಇವೆರಡರ ಬಲದಿಂದ ನವಜಾತ ಶಿಶುಗಳ ಧನುರ್ವಾಯು ದೇಶದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಸಾವಿರ ಜನನಗಳಿಗೆ ಒಂದಕ್ಕಿಂತ ಕೆಳಗಿಳಿದಿದೆಯೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಯಾವ ಪತ್ರಿಕೆಯೂ ಇದನ್ನು ಹಬ್ಬದಂತೆ ಸಾರಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಲಸಿಕೆಯ ಫಲವೇ ಅಂಥದು. ಏನೂ ಆಗದಿರುವುದೇ ಅದರ ಫಲ. ಬಾರದೆ ಹೋದ ಸಾವಿಗೆ ಕೃತಜ್ಞತೆ ಹೇಳುವವರು ಯಾರು?

ಕಳೆದ ವರ್ಷ ಒಂದು ಗುರುವಾರ, ನಮ್ಮ ಕಡೆಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ನಡೆದ ಮಾತುಕತೆಯೊಂದನ್ನು ಇಲ್ಲಿ ಹೇಳಬೇಕು. ಮರಿಮಗುವನ್ನು ಎತ್ತಿಕೊಂಡು ಬಂದಿದ್ದ ವೃದ್ಧೆಯೊಬ್ಬಳು ಲಸಿ‌ಕೆ ಹಾಕುವಾಕೆಯೊಡನೆ ಜಗಳಕ್ಕೆ ನಿಂತಿದ್ದಳು.

‘ಹೋದ್ಸಲ ಹಾಕಿಸ್ಕೊಂಡು ಹೋದ್ಮೇಲೆ ರಾತ್ರಿಯೆಲ್ಲ ಮೈ ಕೆಂಡ ಆಗಿತ್ತು ಕಣವ್ವ. ಆಡ್ಕೊಂಡಿದ್ದ ಮಗೀಗೆ ನೀವೇ ಜ್ವರ ಬರಿಸ್ತೀರಲ್ಲ, ಇದ್ಯಾವ ನ್ಯಾಯ?’

‘ಅಜ್ಜಿ, ನೀವೆಷ್ಟು ಮಕ್ಕಳು ಹೆತ್ರಿ?’

‘ಏಳು.’

‘ಉಳಿದಿದ್ದು?’

ವೃದ್ಧೆ ಒಂದು ಗಳಿಗೆ ಸುಮ್ಮನಿದ್ದಳು. ‘ನಾಕು. ಒಂದು ಗಂಡುಮಗ ನಾಯಿಕೆಮ್ಮಲ್ಲೇ ಹೋಯ್ತು. ಆರು ತಿಂಗಳು ಕಣವ್ವ ಅದಕ್ಕೆ.’

‘ಅದು ಈ ಮಗೀಗೆ ಬರದೇ ಇರಲಿ ಅಂತ ಅಲ್ವಾ ಅಜ್ಜಿ ಇದು? ಒಂದೆರಡು ದಿನದ ಜ್ವರ. ಕೊಟ್ಟಿರೋ ಔಷಧಿ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ ಅಂತ ಸೊಸೆಗೆ ಹೇಳಿ.’

ಮುದುಕಿ ಮತ್ತೆ ಮಾತಾಡಲಿಲ್ಲ. ಮಗುವಿನ ತೊಡೆಯ ಬಟ್ಟೆಯನ್ನು ತಾನೇ ಸರಿಸಿದಳು. ನನಗನ್ನಿಸಿದ್ದು ಇಷ್ಟು: ಆ ಅಜ್ಜಿಗೆ ನೆನಪಿಸಲು ಒಂದು ನೆನಪಾದರೂ ಇತ್ತು. ಇಂದಿನ ಇಪ್ಪತ್ತೈದು ವರ್ಷದ ತಾಯಿ ಕಂಡಿರುವುದು ಚುಚ್ಚಿದ ಜಾಗದ ಊತವನ್ನು, ಒಂದು ರಾತ್ರಿಯ ಜ್ವರವನ್ನು. ನಾಯಿಕೆಮ್ಮನ್ನು ಆಕೆ ಕಂಡಿಲ್ಲ, ಕೇಳಿಲ್ಲ. ಕಂಡ ಸಣ್ಣ ನೋವು ಕಾಣದ ದೊಡ್ಡ ಸಾವಿಗಿಂತ ಭಾರವಾಗಿ ತೂಗುವುದು ಮನುಷ್ಯಸ್ವಭಾವ.

ಈ ತಕ್ಕಡಿ ಏರುಪೇರಾದರೆ ಏನಾಗುವುದೆಂಬುದಕ್ಕೆ ಓದುಬರಹದಲ್ಲಿ ನಮಗಿಂತ ಮುಂದಿದ್ದ ದೇಶಗಳೇ ಸಾಕ್ಷಿ. ನಾಯಿಕೆಮ್ಮಿನ ಲಸಿಕೆಯಿಂದ ಮಕ್ಕಳ ಮೆದುಳಿಗೆ ಹಾನಿಯಾಗುತ್ತದೆಂಬ ಗುಲ್ಲು 1974ರ ತರುವಾಯ ಬ್ರಿಟನ್ನಿನಲ್ಲಿ ಎದ್ದಿತು. ನೂರಕ್ಕೆ ಎಂಬತ್ತರ ಸಮೀಪವಿದ್ದ ಲಸಿಕೆಯ ಪ್ರಮಾಣ ಮೂವತ್ತರ ಆಸುಪಾಸಿಗೆ ಕುಸಿಯಿತು. ಅದರ ಹಿಂದೆಯೇ ಬಂದ ನಾಯಿಕೆಮ್ಮಿನ ಅಲೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ನರಳಿದರು. ಜಪಾನಿನಲ್ಲಿ 1974ರಲ್ಲಿ ನಾಯಿಕೆಮ್ಮು ಬಂದವರು 393 ಮಂದಿ, ಸತ್ತವರು ಯಾರೂ ಇಲ್ಲ. ಲಸಿಕೆಯ ಮೇಲಣ ನಂಬಿಕೆ ಹೋಗಿ ಐದು ವರ್ಷವಾಗುವಷ್ಟರಲ್ಲಿ, 1979ರಲ್ಲಿ, ಸುಮಾರು 13,000 ಮಂದಿಗೆ ರೋಗ ತಗಲಿ 41 ಮಂದಿ ತೀರಿಕೊಂಡರು. ಮುಂದೆ ಹೊಸ ಬಗೆಯ ಲಸಿಕೆಯೊಡನೆ ಆ ದೇಶ ತನ್ನ ನಂಬಿಕೆಯನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು.

ಲಸಿಕೆಯ ಚರಿತ್ರೆಯಲ್ಲಿ ನಿಜವಾದ ಅವಘಡಗಳೂ ನಡೆದಿವೆ; ಅವುಗಳನ್ನು ಬಚ್ಚಿಡುವುದು ಸರಿಯಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರಲ್ಲಿ ಹತ್ತೊಂಬತ್ತು ಮಂದಿ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರ ಮದ್ದೂ ಒಂದೇ ಸೀಸೆಯದು. ದೋಷ ಲಸಿಕೆಯದಲ್ಲ, ಆ ಸೀಸೆಯನ್ನು ಕಲುಷಿತಗೊಳಿಸಿದ ಕೈಯದು ಎಂಬುದು ಸ್ಥಾಪಿತವಾಗುವ ಹೊತ್ತಿಗೆ ವರ್ಷಗಳೇ ಕಳೆದು ಹಾಫ್ಕಿನ್ನನ ಬಾಳು ಬಹುಮಟ್ಟಿಗೆ ಕಹಿಯಾಗಿತ್ತು. ಇಂದಿನ ಎಚ್ಚರಗಳ ಹಿಂದೆ ಇಂತಹ ದುಃಖಗಳ ಪಾಠವಿದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸುವಂತಿಲ್ಲ. ಲಸಿಕೆ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಯೇ ಪ್ರಯಾಣ ಮಾಡಬೇಕು. ಡಿ.ಪಿ.ಟಿ. ಜಾತಿಯ ಮದ್ದು ಬಿಸಿಲಿಗೆ ಕೆಡುವಂತೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಸೀಸೆಯ ಮೇಲಿನ ಸಣ್ಣ ಗುರುತೊಂದು ಬಣ್ಣ ಬದಲಿಸಿ, ಅದು ಬಿಸಿಗೆ ಸಿಕ್ಕಿತ್ತೆಂಬುದನ್ನು ತಿಳಿಸುತ್ತದೆ. ಮಳೆಗಾಲದ ಕೆಸರುದಾರಿಯಲ್ಲಿ ಮಂಜಿನ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆಯುವ ಆರೋಗ್ಯ ಸಹಾಯಕಿಯೂ, ಮನೆಮನೆಗೆ ಹೋಗಿ ಕರೆಯುವ ಆಶಾ ಕಾರ್ಯಕರ್ತೆಯೂ ಹೊತ್ತಿರುವ ಹೊಣೆ ಸಣ್ಣದಲ್ಲ.

ಈಗ ನಾನು ಮೊದಲು ಹೇಳಿದ ಅಪಾಯದ ಮಾತಿಗೆ ಬರುತ್ತೇನೆ. ಗಂಟಲಮಾರಿ ನಮ್ಮನ್ನು ಬಿಟ್ಟುಹೋಗಿಲ್ಲ. ಇಡೀ ಜಗತ್ತಿನಲ್ಲಿ ವರದಿಯಾದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದ್ದೇ ಆಗಿದ್ದ ವರ್ಷಗಳಿವೆ. 2016ರಲ್ಲಿ, ಆರೋಗ್ಯದ ವಿಷಯದಲ್ಲಿ ದೇಶಕ್ಕೇ ಮಾದರಿಯೆನಿಸಿದ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅದು ಮತ್ತೆ ಕಾಣಿಸಿಕೊಂಡು ಹದಿಹರೆಯದ ಹುಡುಗರನ್ನು ಕೊಂಡೊಯ್ದಿತು. ಹಿಂದೆ ಐದು ವರ್ಷದೊಳಗಿನ ಮಕ್ಕಳನ್ನು ಹಿಡಿಯುತ್ತಿದ್ದ ರೋಗ ಈಗ ಶಾಲೆಗೆ ಹೋಗುವ ಮಕ್ಕಳನ್ನು ಹಿಡಿಯುತ್ತಿದೆ. ಕಾರಣ ಸರಳವಾದದ್ದು. ಮೊದಲ ಮೂರು ಲಸಿಕೆಗಳನ್ನು ಹಾಕಿಸುತ್ತೇವೆ, ಬಲವರ್ಧಕಗಳನ್ನು ಮರೆಯುತ್ತೇವೆ. ಲಸಿಕೆಯ ಬಲ ವರ್ಷಗಳು ಉರುಳಿದಂತೆ ಇಳಿಯುತ್ತದೆ. ಮಗು ನಡೆಯತೊಡಗಿದ ಮೇಲೆ ಮನೆಯವರ ಆತಂಕವೂ ಇಳಿಯುತ್ತದೆ. ಎರಡೂ ಒಟ್ಟಿಗೆ ಇಳಿದ ಜಾಗದಲ್ಲಿ ಹಳೆಯ ಮಾರಿ ಬಂದು ನಿಲ್ಲುತ್ತಾಳೆ.

ನಮ್ಮ ಸೀಮೆಗೆ ಇನ್ನೂ ಒಂದು ಕಾರಣವಿದೆ. ಹೊಗೆಸೊಪ್ಪಿನ ಬೇಸಾಯ, ಶುಂಠಿಯ ಬೇಸಾಯ, ಕೊಡಗಿನ ಕಾಫಿ ಕೊಯ್ಲು ಎಂದು ಕೂಲಿಯನ್ನು ಅರಸಿ ಕುಟುಂಬಗಳು ಮಕ್ಕಳೊಡನೆ ಊರಿಂದೂರಿಗೆ ಸಾಗುತ್ತವೆ. ಮೊದಲ ಚುಚ್ಚು ತವರಿನಲ್ಲಿ, ಎರಡನೆಯದು ಗಂಡನ ಊರಿನಲ್ಲಿ, ಮೂರನೆಯದು ಬರಬೇಕಾದ ಹೊತ್ತಿಗೆ ತಾಯಿ ತೋಟದ ಲೈನುಮನೆಯಲ್ಲಿ. ಅಂಥವರು ತಾಯಿ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಜೊತೆಯಲ್ಲಿಟ್ಟುಕೊಂಡರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬೇಕಾದರೂ ಮುಂದಿನದನ್ನು ಹಾಕಿಸಬಹುದು. ತಡವಾಯಿತೆಂದು ಕೈಬಿಡಬೇಕಾಗಿಲ್ಲ, ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಸಣ್ಣ ನೆಗಡಿಯೋ ಕೆಮ್ಮೋ ಇದೆಯೆಂದು ಮುಂದೂಡುವುದೂ ಅಗತ್ಯವಿಲ್ಲ. ತೋಟದ ಯಜಮಾನರೂ ಮೇಸ್ತ್ರಿಗಳೂ ಆ ಒಂದು ದಿನದ ಕೂಲಿಯನ್ನು ಹಿಡಿಯದೆ ತಾಯಿಯನ್ನು ಕಳುಹಿಸಿಕೊಟ್ಟರೆ ಅದೂ ಒಂದು ಧರ್ಮಕಾರ್ಯ.

‘ಊರಿನವರೆಲ್ಲ ಹಾಕಿಸಿದ್ದಾರೆ, ನಮ್ಮ ಮಗುವೊಂದು ಬಿಟ್ಟರೆ ಏನಾಯಿತು?’ ಎಂದು ಕೇಳುವ ಓದಿದವರೂ ಇದ್ದಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಗಂಟಲಮಾರಿಯಂತಹ ರೋಗದಲ್ಲಿ ನೆರೆಯವರ ಲಸಿಕೆ ನಮ್ಮ ಮಗುವಿಗೂ ಒಂದಿಷ್ಟು ನೆರಳು ಕೊಡುತ್ತದೆಂಬುದು ದಿಟ. ಎಲ್ಲರೂ ನೆರೆಯವರ ನೆರಳನ್ನೇ ನೆಚ್ಚಿದರೆ ಮರ ನೆಡುವವರು ಯಾರು? ಧನುರ್ವಾಯುವಿನಲ್ಲಿಯಂತೂ ಆ ನೆರಳೂ ಇಲ್ಲ. ಅದು ಒಬ್ಬರಿಂದ ಒಬ್ಬರಿಗೆ ಬರುವುದಲ್ಲ, ಮಣ್ಣಿನಿಂದ ಬರುವುದು. ಕೊಟ್ಟಿಗೆ ಗೊಬ್ಬರ ಬಿದ್ದ ನಮ್ಮ ಹೊಲಗದ್ದೆಗಳಲ್ಲಿ ಅದರ ಬೀಜ ವರ್ಷಗಟ್ಟಲೆ ಸಾಯದೆ ಮಲಗಿರುತ್ತದೆ. ಬರಿಗಾಲಿನಲ್ಲಿ ಆಡುವ ಮಗುವಿಗೆ ಮುಳ್ಳು ಚುಚ್ಚಿದಾಗ, ನೆರೆಮನೆಯ ಮಗುವಿನ ಲಸಿಕೆ ಅದನ್ನು ಕಾಯಲಾರದು.

ಲಸಿಕೆಯೊಂದೇ ಸರ್ವರೋಗಕ್ಕೂ ರಾಮಬಾಣವೆಂದು ನಾನು ಸಾರುತ್ತಿಲ್ಲ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ನಡೆದ ದೊಡ್ಡ ಪ್ರಯೋಗವೊಂದು, ಬಿ.ಸಿ.ಜಿ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲವೆಂದು ತೋರಿಸಿತು. ಆದರೂ ಅದನ್ನು ಹುಟ್ಟಿದೊಡನೆ ಹಾಕುವುದೇಕೆಂದರೆ, ಹಸುಳೆಗಳ ಮೆದುಳುಪೊರೆಗೆ ಹತ್ತುವ, ಮೈಯೆಲ್ಲ ಹರಡುವ ಘೋರ ಕ್ಷಯವನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ತನ್ನ ಮಿತಿಯನ್ನು ತಾನೇ ಅಳೆದು ಹೇಳುವ ವಿದ್ಯೆಯನ್ನು ನಂಬಲು ನನಗೆ ಅಡ್ಡಿಯಿಲ್ಲ. ನ್ಯೂಮೊಕಾಕಸ್ಸಿನ ಲಸಿಕೆಯೂ ಎಲ್ಲ ನ್ಯುಮೋನಿಯಾವನ್ನು ತಡೆಯುವುದಿಲ್ಲ. ಎದೆಹಾಲು, ಹೊಟ್ಟೆ ತುಂಬ ಅನ್ನ, ಸೌದೆಯ ಹೊಗೆ ತುಂಬದ ಅಡುಗೆಮನೆ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಬಳಿ ಮಕ್ಕಳನ್ನು ಮಲಗಿಸದಿರುವ ಎಚ್ಚರ, ಇವೆಲ್ಲ ಅದರ ಜೊತೆಗಾರರು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂತಹ ಪುಸ್ತಕಗಳ ಮೂಲಕ ಇಂತಹ ತಿಳಿವಳಿಕೆಯನ್ನು ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು. ಆ ಕೆಲಸ ಮುಗಿದಿಲ್ಲ.

ಸಾಹಿತ್ಯವನ್ನು ಪ್ರೀತಿಸುವ ಶ್ರೋತೃಗಳಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಎಂಬತ್ತು ದಾಟಿದ ಅಜ್ಜಿಯರಿದ್ದರೆ, ಅವರು ಯಾವ ಯಾವ ಮಕ್ಕಳನ್ನು ಯಾವ ಯಾವ ಕಾಯಿಲೆಗೆ ಕೊಟ್ಟರೆಂಬುದನ್ನು ಮೆಲ್ಲಗೆ ಕೇಳಿ ಬರೆದಿಡಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಎಂಬ ಪದಗಳು ನಿಘಂಟಿನಲ್ಲಿ ಮಾತ್ರ ಉಳಿಯುವ ಕಾಲ ಬರಲಿ. ಆದರೆ ಅವುಗಳ ಅರ್ಥ ಮರೆಯದಿರಲಿ. ಅರ್ಥವನ್ನು ಮರೆತ ದಿನ ಪದ ಮತ್ತೆ ಬೀದಿಗೆ ಬರುತ್ತದೆ. ಬರೆಯುವ ಮುನ್ನ ಇನ್ನೂ ಸಣ್ಣದೊಂದು ಕೆಲಸವಿದೆ. ಮನೆಯಲ್ಲಿ ಆರು ವರ್ಷದೊಳಗಿನ ಮಗುವಿದ್ದರೆ ಅದರ ಕಾರ್ಡನ್ನು ತೆಗೆದು, ಕೊನೆಯ ಎರಡು ಸಾಲುಗಳಲ್ಲಿ ದಿನಾಂಕ ಬಿದ್ದಿದೆಯೇ ಎಂದು ನೋಡಿ. ಬಿದ್ದಿರದಿದ್ದರೆ ಬರುವ ಲಸಿಕೆಯ ದಿನ ತಪ್ಪದೆ ಕರೆದುಕೊಂಡು ಹೋಗಿ.